ಹಾರ್ಮೋನಿಯಂ ಕೈಗೆ ಒಗ್ಗುವ ಸಿಂಥಸೈಜರ್: ಮೈಕ್ರೋಕಾರ್ಗ್, ಮಿನಿನೋವಾ, ಗಯಾ ಮೂರನ್ನೂ ಬಳಸಿದ ಮೇಲೆ

ಹವ್ಯಾಸಿ ನಾಟಕ ತಂಡಗಳಿಗೆ ಹಿನ್ನೆಲೆ ಸಂಗೀತ ನುಡಿಸುವ ನಾನು ಈ ಕೆಲಸಕ್ಕೆ ಬಂದದ್ದು ಹಾರ್ಮೋನಿಯಂ ಮೂಲಕ. ಬಲಗೈಯನ್ನು ಮನೆಗಳ ಮೇಲೂ ಎಡಗೈಯನ್ನು ತಿದಿಯ ಮೇಲೂ ಇಟ್ಟು ವರ್ಷಗಟ್ಟಲೆ ನುಡಿಸಿದವನು ಸಿಂಥಸೈಜರಿನ ಎದುರು ಕೂತಾಗ ಅವನನ್ನು ಮೊದಲು ಕಾಡುವುದು ಇಲ್ಲಿ ಎಡಗೈಗೆ ಏನು ಕೆಲಸ ಎಂಬ ಪ್ರಶ್ನೆ. ಕಾರ್ಗ್ ಕಂಪನಿಯ ಮೈಕ್ರೋಕಾರ್ಗ್, ನೊವೇಷನ್ನಿನ ಮಿನಿನೋವಾ ಮತ್ತು ರೋಲ್ಯಾಂಡಿನ ಗಯಾ ಎಸ್‌ಎಚ್-01 ಎಂಬ ಮೂರು ವಾದ್ಯಗಳನ್ನು ನಾನು 2012ರಿಂದ ಒಂದಾದ ಮೇಲೊಂದರಂತೆ ಕೊಂಡಿದ್ದೇನೆ. ಮೂರೂ ಬೇರೆಯವರು ಬಳಸಿ ಮಾರಿದವು. ಮೂರಕ್ಕೂ ನಾನು ತೆತ್ತದ್ದು ಹೆಚ್ಚುಕಡಿಮೆ ಒಂದೇ ಮೊತ್ತ. ಆ ಪ್ರಶ್ನೆಗೆ ಇವು ಕೊಡುವ ಉತ್ತರ ಒಂದೊಂದರದು ಒಂದೊಂದು ಬಗೆ, ಮತ್ತು ಅಂಗಡಿಯವರು ಮುಂದಿಡುವ ತಾಂತ್ರಿಕ ವಿವರಗಳ ಪಟ್ಟಿಯಲ್ಲಿ ಆ ಉತ್ತರ ಸಿಗುವುದಿಲ್ಲ.

ಹೊಸಬರಿಗಾಗಿ ಎರಡು ಮಾತು. ಹಳೆಯ ಅನಲಾಗ್ ಸಿಂಥಸೈಜರುಗಳಲ್ಲಿ ವಿದ್ಯುತ್ ಮಂಡಲಗಳು ಮಾಡುತ್ತಿದ್ದ ಕೆಲಸವನ್ನು, ಅಂದರೆ ಆಸಿಲೇಟರಿನಿಂದ ಅಲೆಯನ್ನು ಹುಟ್ಟಿಸಿ, ಫಿಲ್ಟರಿನಲ್ಲಿ ಸೋಸಿ, ಅದರ ಏರಿಳಿತವನ್ನು ರೂಪಿಸುವ ಕೆಲಸವನ್ನು, ಲೆಕ್ಕಾಚಾರದಿಂದ ಅನುಕರಿಸುವ ಡಿಜಿಟಲ್ ವಾದ್ಯಕ್ಕೆ ವರ್ಚುವಲ್ ಅನಲಾಗ್ ಎಂದು ಹೆಸರು. 1995ರಲ್ಲಿ ಸ್ವೀಡನ್ನಿನ ಕ್ಲಾವಿಯಾ ಕಂಪನಿ ಹೊರತಂದ ಕೆಂಪು ಬಣ್ಣದ ನಾರ್ಡ್ ಲೀಡ್ ಈ ಹೆಸರನ್ನು ಬಳಕೆಗೆ ತಂದಿತು. ಮರುವರ್ಷ ಬಂದ ರೋಲ್ಯಾಂಡ್ ಜೆಪಿ-8000, ಏಳು ಗರಗಸದಲೆಗಳನ್ನು ಅತ್ತಿತ್ತ ಸರಿಸಿ ಒಟ್ಟುಗೂಡಿಸುವ 'ಸೂಪರ್‌ಸಾ' ಎಂಬ ಅಲೆಯಿಂದ ಹೆಸರಾಯಿತು. ಅಂದು ಅವು ನನ್ನಂಥವನ ಕೈಗೆ ಎಟುಕುವ ವಸ್ತುಗಳಾಗಿರಲಿಲ್ಲ. 2016ರಲ್ಲಿ ಕಾರ್ಗ್ ಮಿನಿಲಾಗ್ ಬಂದ ಮೇಲೆ ನಾಲ್ಕು ವಾಯ್ಸ್‌ಗಳ, ಅಂದರೆ ಒಮ್ಮೆಗೆ ನಾಲ್ಕು ಸ್ವರ ಹೊರಡಿಸುವ, ನಿಜವಾದ ಅನಲಾಗ್ ವಾದ್ಯವೇ ಈ ಬೆಲೆಗೆ ಹತ್ತಿರವಾಗಿದೆ, ಹಾಗಿರುವಾಗ ಅನುಕರಣೆ ಏಕೆ ಎಂದು ಗೆಳೆಯರು ಕೇಳುತ್ತಾರೆ. ಕಿಕ್ಕಿರಿದ ಸಭಾಂಗಣದ ಸೆಕೆಯಲ್ಲಿ ಎರಡು ಗಂಟೆ ಕೂತರೂ ಶ್ರುತಿ ಕೂದಲೆಳೆಯಷ್ಟೂ ಜರುಗದ ವಾದ್ಯ ನನಗೆ ಬೇಕು. ಡಿಜಿಟಲ್ ಆಸಿಲೇಟರುಗಳು ಆ ಭರವಸೆ ಕೊಡುತ್ತವೆ.

ಮೊದಲು ಕೊಂಡದ್ದು ಮೈಕ್ರೋಕಾರ್ಗ್. 2002ರಲ್ಲಿ ಮಾರುಕಟ್ಟೆಗೆ ಬಂದ ಇದರೊಳಗಿನ ಧ್ವನಿಯಂತ್ರ ಅದಕ್ಕೂ ಎರಡು ವರ್ಷ ಹಿಂದಿನ ಎಂಎಸ್2000ದ್ದು. 37 ಸಣ್ಣ ಮನೆಗಳು, ಇಕ್ಕೆಲಗಳಲ್ಲಿ ಮರದ ಪಟ್ಟಿ, ಹೆಗಲಿಗೆ ಭಾರವೆನಿಸದ ತೂಕ. ವಾದ್ಯವನ್ನು ಆನ್ ಮಾಡಿದ ಕ್ಷಣ ಇದರ ಐದು ನಾಬ್‌ಗಳು ಫಿಲ್ಟರಿನ ಕಟಾಫ್ (ಸೋಸುವಿಕೆ ಶುರುವಾಗುವ ಮಟ್ಟ), ರೆಸೊನೆನ್ಸ್ (ಆ ಮಟ್ಟದ ಬಳಿಯ ಒತ್ತು), ಅಟ್ಯಾಕ್ (ಧ್ವನಿ ಏಳುವ ವೇಗ), ರಿಲೀಸ್ (ಬೆರಳೆತ್ತಿದ ಮೇಲೆ ಧ್ವನಿ ಅಡಗುವ ವೇಗ) ಮತ್ತು ಲಯದ ವೇಗವನ್ನು ಹಿಡಿದುಕೊಂಡಿರುತ್ತವೆ; ನುಡಿಸುವಾಗ ಎಡಗೈಗೆ ಇಷ್ಟೇ ಸಾಕಾಗುವ ಸಂದರ್ಭಗಳು ಬಹಳ. ಆದರೆ ಅದಕ್ಕಿಂತ ಒಳಕ್ಕೆ ಇಳಿಯಬೇಕೆಂದರೆ, ಎರಡು ದೊಡ್ಡ ತಿರುಗಣೆಗಳಿಂದ ಸಾಲನ್ನು ಆರಿಸಿ, ಮೇಲ್ಮೈಯಲ್ಲಿ ಅಚ್ಚಾಗಿರುವ ಕೋಷ್ಟಕದಲ್ಲಿ ಆ ಸಾಲಿನಲ್ಲಿ ಯಾವ ನಾಬ್ ಏನನ್ನು ಬದಲಿಸುತ್ತದೆ ಎಂದು ಓದಿ, ಮೂರಂಕಿಯ ಕೆಂಪು ಪರದೆಯಲ್ಲಿ ಮೂಡುವ ಸಂಖ್ಯೆಯನ್ನು ನಂಬಿ ತಿರುಗಿಸಬೇಕು. ರಂಗದ ಪಕ್ಕದ ಮಂದ ಬೆಳಕಿನಲ್ಲಿ ಆ ಕೋಷ್ಟಕ ಕಾಣುವುದಿಲ್ಲ. ಮನೆಯಲ್ಲಿ ಧ್ವನಿಯನ್ನು ಕಟ್ಟಿಟ್ಟುಕೊಂಡು ಹೋಗಿ ವೇದಿಕೆಯಲ್ಲಿ ಐದು ನಾಬ್‌ಗಳಷ್ಟರಲ್ಲೇ ಆಟ ಮುಗಿಸುವುದು ಇದರ ಶಿಸ್ತು ಎಂದು ಒಪ್ಪಿಕೊಂಡವರಿಗೆ ಇದು ಒಳ್ಳೆಯ ಸಂಗಾತಿ. ನಾಬ್ ತಿರುಗಿಸುತ್ತ ಹೋದಂತೆ, ಉಳಿಸಿಟ್ಟ ಮೂಲ ಮೌಲ್ಯಕ್ಕೆ ಬಂದಾಗ ಬೆಳಗುವ ಒಂದು ಪುಟ್ಟ ದೀಪ ಇದರಲ್ಲಿದೆ. ಕೆಡಿಸಿಕೊಂಡ ಧ್ವನಿಯನ್ನು ಮತ್ತೆ ದಾರಿಗೆ ತರಲು ಆ ದೀಪ ಎಷ್ಟು ಸಲ ನೆರವಾಗಿದೆಯೋ ಲೆಕ್ಕವಿಲ್ಲ.

ಮೈಕ್ರೋಕಾರ್ಗಿಗೆ ನಾಲ್ಕೇ ವಾಯ್ಸ್ ಎಂಬ ದೂರನ್ನು ಎಲ್ಲರೂ ಹೇಳುತ್ತಾರೆ. ಅದು ನುಡಿಸುವವನಿಗೆ ತಟ್ಟುವ ಬಗೆಯನ್ನು ಹೇಳುವವರು ಕಡಿಮೆ. ಎರಡು ಟಿಂಬರ್‌ಗಳನ್ನು, ಅಂದರೆ ಧ್ವನಿಪದರಗಳನ್ನು, ಒಂದರ ಮೇಲೊಂದು ಹೊದಿಸಿದ ಧ್ವನಿಯಲ್ಲಿ ಒಂದು ಮನೆ ಒತ್ತಿದರೆ ಎರಡು ವಾಯ್ಸ್ ಖರ್ಚಾಗುತ್ತವೆ, ಅಂದರೆ ಉಳಿಯುವುದು ಎರಡೇ ಸ್ವರ. ಎಡಗೈಯಲ್ಲಿ ಷಡ್ಜ ಪಂಚಮಗಳನ್ನು ಹಿಡಿದು ಬಲಗೈಯಲ್ಲಿ ಒಂದು ಸ್ವರ ಮುಟ್ಟಿದೊಡನೆ ಹಿಡಿದ ಸ್ವರಗಳಲ್ಲೊಂದು ಹೇಳದೆ ಕೇಳದೆ ಹೊರಟುಹೋಗುತ್ತದೆ. ಹಾರ್ಮೋನಿಯಂ ನುಡಿಸುವವನಿಗೆ ಇದು ಮನೆಯ ಕಂಬವೇ ಕಳಚಿಬಿದ್ದ ಅನುಭವ. ದೊಡ್ಡ ಕೋಣೆಯ ಅನುರಣನ ಕೊಡುವ ರಿವರ್ಬ್ ಕೂಡ ಇದರಲ್ಲಿಲ್ಲ. ಪ್ರತಿಧ್ವನಿ ಕೊಡುವ ಡಿಲೇಯನ್ನೇ ಹಿಂಜಿ ಹಾಗೂಹೀಗೂ ಆ ಭ್ರಮೆ ಹುಟ್ಟಿಸಬೇಕು.

ಇಷ್ಟಾದರೂ ನಾನು ಮೈಕ್ರೋಕಾರ್ಗನ್ನು ಮಾರಿಲ್ಲ, ಅದಕ್ಕೆ ಒಂದೇ ಕಾರಣ ಅದರ ವೋಕೋಡರ್. ಪೌರಾಣಿಕ ನಾಟಕಗಳಲ್ಲಿ ಅಶರೀರವಾಣಿಯ ಪ್ರಸಂಗ ಬಂದಾಗ, ಹಿಂದೆ ನೇಪಥ್ಯದಲ್ಲಿ ಯಾರೋ ಒಬ್ಬರು ಗಡುಸು ಗಂಟಲಿನಲ್ಲಿ ಕೂಗುತ್ತಿದ್ದರು. ಈಗ ನಟನೊಬ್ಬ ಮೈಕಿನಲ್ಲಿ ಮಾತಾಡುತ್ತಾನೆ, ನಾನು ಷಡ್ಜ ಪಂಚಮಗಳನ್ನು ಒತ್ತಿ ಹಿಡಿಯುತ್ತೇನೆ, ಅವನ ಮಾತಿನ ಆಕಾರವನ್ನು ನನ್ನ ಸ್ವರಗಳು ತೊಟ್ಟುಕೊಳ್ಳುತ್ತವೆ. ತೊಡಕೆಂದರೆ, ಮಾತನ್ನು ಎಂಟೇ ಕಂಪನಪಟ್ಟಿಗಳಾಗಿ ಒಡೆಯುವ ಈ ವೋಕೋಡರಿನಲ್ಲಿ ಸ್ವರಾಕ್ಷರಗಳು ದುಂಡಗೆ ಬಂದರೂ ವ್ಯಂಜನಗಳು ಕರಗಿಹೋಗುತ್ತವೆ. 'ಶಾಪ' ಎಂದದ್ದು 'ಆಪ' ಎಂದು ಕೇಳಿಸಿ ಪ್ರೇಕ್ಷಕರು ಮುಖ ಮುಖ ನೋಡಿಕೊಂಡದ್ದೂ ಉಂಟು. ಮೈಕಿನಿಂದ ಬಂದ ದನಿಯ ಮೇಲ್ಭಾಗದ ಕಂಪನಗಳನ್ನಷ್ಟೇ ಸೋಸಿ ನೇರವಾಗಿ ಬೆರೆಸುವ ಎಚ್‌ಪಿಎಫ್ ಮಟ್ಟ ಎಂಬ ಸೌಲಭ್ಯ ಇದರಲ್ಲಿದೆಯೆಂದು ತಿಳಿದುಕೊಳ್ಳಲು ನನಗೆ ಒಂದು ವರ್ಷವೇ ಹಿಡಿಯಿತು. ಅದನ್ನು ಏರಿಸಿದರೆ ಶ, ಷ, ಸ ಮೂರೂ ತಮ್ಮ ತಮ್ಮ ಜಾಗಕ್ಕೆ ಮರಳುತ್ತವೆ. ಜೊತೆಗೆ ಬರುವ, ಕೊಕ್ಕರೆಯ ಕೊರಳಿನಂಥ ಮೈಕು ಅಭ್ಯಾಸಕ್ಕೆ ಸಾಕು. ವೇದಿಕೆಯಲ್ಲಿ ಧ್ವನಿವರ್ಧಕಗಳು ಪಕ್ಕದಲ್ಲೇ ಇದ್ದರೆ ಅದು ಕಿರುಚತೊಡಗುತ್ತದೆ, ಆದ್ದರಿಂದ ಹಿಂಭಾಗದ ಕಿಂಡಿಗೆ ಬೇರೆ ಡೈನಮಿಕ್ ಮೈಕನ್ನು ಜೋಡಿಸುವುದು ಲೇಸು.

ಮಿನಿನೋವಾ ಬಂದದ್ದು 2012ರಲ್ಲಿ, ನಾನು ಕೊಂಡದ್ದು ಅದಾಗಿ ಮೂರು ವರ್ಷಕ್ಕೆ. ಕಾಗದದ ಮೇಲೆ ಮೂರರಲ್ಲಿ ಹೆಚ್ಚು ತೂಗುವುದು ಇದೇ. 18 ವಾಯ್ಸ್, ಒಂದೊಂದು ವಾಯ್ಸಿಗೂ ಮೂರು ಆಸಿಲೇಟರ್, ಎರಡು ಫಿಲ್ಟರ್, 36 ವೇವ್‌ಟೇಬಲ್ (ಒಂದರಿಂದ ಒಂದಕ್ಕೆ ಜರುಗುವ ಅಲೆಗಳ ಸಂಗ್ರಹ), ವೋಕೋಡರ್ ಜೊತೆಗೆ ಹಾಡುಗಾರನ ಶ್ರುತಿಯನ್ನು ತಿದ್ದುವ ವೋಕಲ್‌ಟ್ಯೂನ್. ಧ್ವನಿಯೂ ಹಾಗೆಯೇ ಮಿರಮಿರನೆ ಮಿಂಚುತ್ತದೆ, ಅಗಲಕ್ಕೆ ಹರಡಿಕೊಳ್ಳುತ್ತದೆ. ಒತ್ತಿ ಹಿಡಿದಷ್ಟು ಹೊತ್ತು ಧ್ವನಿಯನ್ನು ಅಲುಗಾಡಿಸುವ ಎಂಟು 'ಅನಿಮೇಟ್' ಗುಂಡಿಗಳು ಎಡಗೈಗೆ ಕೊಟ್ಟ ಒಳ್ಳೆಯ ಉಡುಗೊರೆ. ಆದರೂ ಇದನ್ನು ನಾಲ್ಕನೆಯ ವರ್ಷ ಮಾರಿಬಿಟ್ಟೆ. ಇದರ ಸಂಪತ್ತೆಲ್ಲ ಚಿಕ್ಕ ಪರದೆಯ ಹಿಂದಿನ ಮೆನುಗಳ ಉಗ್ರಾಣದಲ್ಲಿದೆ, ಆ ಉಗ್ರಾಣದ ಬೀಗದ ಕೈ ಇರುವುದು ಕಂಪ್ಯೂಟರಿನಲ್ಲಿ ನಡೆಯುವ ಎಡಿಟರಿನಲ್ಲಿ. ಯುಎಸ್‌ಬಿ ತಂತಿ ಜೋಡಿಸಿ ಕೂತು ಧ್ವನಿ ಕಟ್ಟುವ, ಮನೆಯಲ್ಲೇ ಮುದ್ರಿಸುವ ಸಂಗೀತಗಾರರಿಗೆ ಈ ಹಣಕ್ಕೆ ಇದರಷ್ಟು ಕೊಡುವ ವಾದ್ಯ ಇನ್ನೊಂದಿಲ್ಲ ಎಂದು ಈಗಲೂ ಹೇಳುತ್ತೇನೆ. ತಾಲೀಮಿನಲ್ಲಿ ನಿರ್ದೇಶಕರು "ಇದು ಸ್ವಲ್ಪ ಒರಟಾಗಲಿ" ಎಂದಾಗ ಪರದೆಗೆ ಕಣ್ಣು ನೆಟ್ಟು ಪುಟ ತಿರುವುತ್ತ ಕೂರುವುದು ನನ್ನಿಂದಾಗಲಿಲ್ಲ, ಅಷ್ಟೆ.

ಹಾಗಾಗಿ ಗಯಾ. 2010ರ ವಾದ್ಯವನ್ನು 2019ರಲ್ಲಿ ಕೊಂಡೆ. ಇದಕ್ಕೆ ಪರದೆಯೇ ಇಲ್ಲ. ಎಲ್‌ಎಫ್‌ಒ (ಧ್ವನಿಯನ್ನು ನಿಧಾನವಾಗಿ ಅಲುಗಾಡಿಸುವ ಅಲೆ), ಆಸಿಲೇಟರ್, ಫಿಲ್ಟರ್, ಆ್ಯಂಪ್, ಎಫೆಕ್ಟ್ ಎಂದು ಎಡದಿಂದ ಬಲಕ್ಕೆ ಸ್ಲೈಡರುಗಳೂ ನಾಬ್‌ಗಳೂ ಸಾಲಾಗಿ ನಿಂತಿವೆ. ಇಂಥದೇ ಮೂರು ಸಂಪೂರ್ಣ ಟೋನ್‌ಗಳು ಒಳಗಿವೆ, ಗುಂಡಿ ಒತ್ತಿ ಯಾವ ಟೋನನ್ನು ಆರಿಸುತ್ತೀರೋ ಅದು ಅದೇ ಸ್ಲೈಡರುಗಳ ಅಧೀನಕ್ಕೆ ಬರುತ್ತದೆ. ಗುಣವಾಚಕಗಳನ್ನು ಪೋಣಿಸುವ ಬದಲು, ಇದರಲ್ಲಿ ತಂಬೂರಿ ಶ್ರುತಿಯನ್ನು ಕಟ್ಟಿದ ಬಗೆಯನ್ನೇ ಹೇಳುತ್ತೇನೆ.

ಗಾಯಕನ ಶ್ರುತಿ ಕಪ್ಪು ಒಂದು ಎಂದಿಟ್ಟುಕೊಳ್ಳಿ. ಮೊದಲ ಟೋನಿಗೆ ಗರಗಸದಲೆ ಕೊಟ್ಟು ಷಡ್ಜಕ್ಕೆ ನಿಲ್ಲಿಸಿದೆ. ಎರಡನೆಯದನ್ನು ಏಳು ಅರ್ಧಸ್ವರ ಮೇಲಕ್ಕೆ, ಪಂಚಮಕ್ಕೆ ಏರಿಸಿದೆ. ಮೂರನೆಯದಕ್ಕೆ ಪಲ್ಸ್ ಅಲೆ ಕೊಟ್ಟು ತಾರ ಷಡ್ಜದಲ್ಲಿರಿಸಿದೆ. ಮೂರರ ಫಿಲ್ಟರುಗಳನ್ನೂ ಮುಚ್ಚಿ, ಬೇರೆ ಬೇರೆ ನಿಧಾನಗತಿಯ ಎಲ್‌ಎಫ್‌ಒಗಳಿಂದ ಒಂದಿಷ್ಟೇ ತೆರೆದು ಮುಚ್ಚುವಂತೆ ಮಾಡಿದಾಗ ತಂತಿಗಳನ್ನು ಸರದಿಯಲ್ಲಿ ಮೀಟಿದ ಭಾವ ಹುಟ್ಟಿತು. ಆದರೆ ಅರ್ಧಸ್ವರದ ನೂರನೆಯ ಒಂದು ಭಾಗವನ್ನು ಸೆಂಟ್ ಎಂದರೆ, ಕೀಬೋರ್ಡಿನ ಪಂಚಮ 700 ಸೆಂಟ್ ಎತ್ತರದ್ದು, ತಂಬೂರಿಯ ಶುದ್ಧ ಪಂಚಮ 702. ಅಂತರ ಬರೀ ಎರಡು ಸೆಂಟ್. ಮಧ್ಯಮ ಸ್ಥಾಯಿಯ ಕೆಳಗಿನ ಆ ಷಡ್ಜದೊಂದಿಗೆ ಸೇರಿದಾಗ ಅದು ಸುಮಾರು ಎರಡು ಸೆಕೆಂಡಿಗೊಮ್ಮೆ ಏಳುವ ಮೆಲ್ಲನೆಯ ತೂಗಾಟವಾಗಿ ಕೇಳಿಸುತ್ತದೆ. ಗಯಾದಲ್ಲಿ ಎರಡನೆಯ ಟೋನಿನ ಶ್ರುತಿಯನ್ನು ಚೂರು ಸರಿಸುವ ಡಿಟ್ಯೂನನ್ನು ಬೆರಳ ತುದಿಯಿಂದ ಒಂದೆಳೆ ಸರಿಸುತ್ತ, ಆ ತೂಗಾಟ ನಿಧಾನವಾಗಿ ನಿಂತುಹೋಗುವ ಬಿಂದುವನ್ನು ಕಿವಿಯಿಂದಲೇ ಹುಡುಕಬೇಕು. ಸಂಖ್ಯೆ ತೋರಿಸುವ ಪರದೆ ಇಲ್ಲದ್ದು ನನಗೆ ಇಲ್ಲಿ ಕೊರತೆಯೆನಿಸಲಿಲ್ಲ, ತಂಬೂರಿ ಕೂಡಿಸುವಾಗಲೂ ನಾವು ಮಾಡುವುದು ಇದನ್ನೇ.

ಗಾಳಿ, ಮಳೆ, ಗುಡುಗುಗಳ ವಿಷಯದಲ್ಲೂ ಹಾಗೆಯೇ. ನಾಯ್ಸ್ ಅಲೆಯೊಂದನ್ನು ಆರಿಸಿ, ರೆಸೊನೆನ್ಸ್ ಅರ್ಧಕ್ಕಿಂತ ಕೊಂಚ ಮೇಲಿಟ್ಟು, ಎಡಗೈಯಿಂದ ಕಟಾಫನ್ನು ಎಳೆದಾಡಿದರೆ ಬಿರುಗಾಳಿ ನಟನ ಮಾತಿನ ಉಸಿರಿಗೆ ಸರಿಯಾಗಿ ಏರುತ್ತದೆ, ಇಳಿಯುತ್ತದೆ. ತಿದಿ ಒತ್ತಿದ ಎಡಗೈಗೆ ಈ ಕೆಲಸವನ್ನು ಯಾರೂ ಕಲಿಸಬೇಕಾಗಿಲ್ಲ. ಮನೆಗಳೂ ಪೂರ್ಣ ಗಾತ್ರದವು. ಉಳಿದೆರಡು ವಾದ್ಯಗಳ ಸಣ್ಣ ಮನೆಗಳ ಮೇಲೆ ನನ್ನ ಬೆರಳುಗಳು ಯಾವತ್ತೂ ಮದುವೆ ಮನೆಯ ಪಂಕ್ತಿಯಲ್ಲಿ ಒತ್ತಿಕೊಂಡು ಕೂತವರಂತೆ ಇರುತ್ತಿದ್ದವು. ಮೀಂಡಿಗೆ ಮಾತ್ರ ಮೈಕ್ರೋಕಾರ್ಗಿನ ತಿರುಗುಗಾಲಿಯೇ ನನಗೆ ಮೆಚ್ಚು, ರೋಲ್ಯಾಂಡಿನ ಸ್ಪ್ರಿಂಗ್ ಸನ್ನೆಗೋಲು ಬಿಟ್ಟೊಡನೆ ನಡುವಿಗೆ ಹಾರುವುದರಿಂದ ಸ್ವರದ ಇಳಿಜಾರನ್ನು ಅಳೆದು ಮುಗಿಸಲು ಹೆಚ್ಚು ಅಭ್ಯಾಸ ಬೇಕು. ಕೈ ಬೀಸಿ ಧ್ವನಿ ಬದಲಿಸುವ ಡಿ-ಬೀಮ್ ಎಂಬ ಕಣ್ಣು ತಾಲೀಮಿಗೆ ಬರುವ ಮಕ್ಕಳಿಗೆ ಪ್ರಿಯ. ನಾನು ಅದನ್ನು ಆರಿಸಿಯೇ ಇಡುತ್ತೇನೆ.

ಗಯಾದ ಕುಂದುಗಳೂ ಸಣ್ಣವಲ್ಲ. ವೋಕೋಡರ್ ಇಲ್ಲ. ನಮ್ಮ ಧ್ವನಿಗಳನ್ನು ಉಳಿಸಲು ಒಳಗಿರುವ ಜಾಗ 64 ಮಾತ್ರ, ಅವಕ್ಕೆ ಹೆಸರಿಡುವಂತಿಲ್ಲ; ನಾಟಕದ ಪ್ರತಿಯ ಅಂಚಿನಲ್ಲಿ 'ಬಿ-3 ಕಾಡು, ಬಿ-4 ಅರಮನೆ' ಎಂದು ಬರೆದುಕೊಂಡೇ ನುಡಿಸಬೇಕು. ಉಳಿಸಿಟ್ಟ ಬೇರೊಂದು ಧ್ವನಿಯನ್ನು ಕರೆದಾಗ ಸ್ಲೈಡರುಗಳು ನಿಂತ ಜಾಗಕ್ಕೂ ಕೇಳುವ ಧ್ವನಿಗೂ ಸಂಬಂಧವಿರುವುದಿಲ್ಲ, ಮುಟ್ಟಿದೊಡನೆ ಧ್ವನಿ ಗಕ್ಕನೆ ಜಿಗಿಯಬಹುದು. ಒಂದು ಪ್ರದರ್ಶನದಲ್ಲಿ ಕರುಣ ರಸದ ದೃಶ್ಯಕ್ಕೆ ಹೀಗೆಯೇ ಸೈರನ್ ಕೂಗಿಸಿದ್ದೇನೆ. ಮಂದ್ರದಲ್ಲಿ ರೆಸೊನೆನ್ಸ್ ಹೆಚ್ಚಿಸಿದರೆ ಧ್ವನಿಯ ಮೈ ತೆಳುವಾಗುತ್ತದೆ ಎಂಬುದು ನನ್ನ ಕಿವಿಯ ತೀರ್ಪು. ಅಂಥ ಕಡೆ ಮಿನಿನೋವಾ ಹೆಚ್ಚು ತುಂಬಿಕೊಳ್ಳುತ್ತಿತ್ತು.

ವಿದ್ಯುತ್ತಿನ ಮಾತು ಬಂದಾಗ ಬ್ಯಾಟರಿಯನ್ನು ಎಲ್ಲರೂ ಹೊಗಳುತ್ತಾರೆ. ಮೈಕ್ರೋಕಾರ್ಗಿಗೆ ಆರು, ಗಯಾಕ್ಕೆ ಎಂಟು ಪೆನ್ ಸೆಲ್‌ಗಳು. ಮಿನಿನೋವಾಕ್ಕೆ ಆ ಅನುಕೂಲವಿಲ್ಲ. ಕರೆಂಟು ಹೋದರೆ ಸಭಾಂಗಣದ ಧ್ವನಿವರ್ಧಕವೂ ಮಲಗುವುದರಿಂದ ನುಡಿಸಲು ಬ್ಯಾಟರಿ ಉಪಯೋಗಕ್ಕೆ ಬಂದದ್ದು ಕಡಿಮೆ. ನಿಜವಾದ ಉಪಕಾರ ಬೇರೆಡೆ ಇದೆ: ಸೆಲ್‌ಗಳಿಂದಲೇ ನಡೆಸುತ್ತಿದ್ದರೆ, ಕರೆಂಟು ಹೋದಾಗ ತಾಲೀಮಿನ ನಡುವೆ ಕಟ್ಟುತ್ತಿರುವ, ಇನ್ನೂ ಉಳಿಸಿರದ ಧ್ವನಿ ಅಳಿಸಿಹೋಗುವುದಿಲ್ಲ. ಅಡಾಪ್ಟರ್ ಕಳೆದುಕೊಂಡವರು ಎಚ್ಚರದಿಂದಿರಬೇಕು. ಎರಡೂ 9 ವೋಲ್ಟಿನವು ಎಂದ ಮಾತ್ರಕ್ಕೆ ಒಂದರದನ್ನು ಇನ್ನೊಂದಕ್ಕೆ ಚುಚ್ಚಬಾರದು, ಧ್ರುವಗಳ ಗುರುತನ್ನು ವಾದ್ಯದ ಮೇಲೂ ಅಡಾಪ್ಟರಿನ ಮೇಲೂ ಹೋಲಿಸಿ ನೋಡಬೇಕು. ಹಾಗೆ ನೋಡದೆ, ರಿಪೇರಿ ಅಂಗಡಿಯೊಂದರವರು ಕೊಟ್ಟದ್ದನ್ನು ಚುಚ್ಚಿ ಒಂದು ತಿಂಗಳು ವಾದ್ಯವಿಲ್ಲದೆ ಕಳೆದಿದ್ದೇನೆ.

ಇವುಗಳಿಗೆ ಉತ್ತರಾಧಿಕಾರಿಗಳೂ ಬಂದಿದ್ದಾರೆ, 2023ರಲ್ಲಿ ಗಯಾ 2, ಮರುವರ್ಷ ಮೈಕ್ರೋಕಾರ್ಗ್ 2. ಹೊಸದರ ಬೆಲೆ ನೋಡಿ ಹಿಂಜರಿಯುವವರು ಹಳೆಯದನ್ನೇ ಹುಡುಕಿ ಹೋಗುವುದಾದರೆ, ಗಯಾದ ಪ್ರತಿಯೊಂದು ಸ್ಲೈಡರನ್ನೂ ತುದಿಯಿಂದ ತುದಿಗೆ ಎಳೆದು, ಧ್ವನಿ ಎಲ್ಲಿಯೂ ತಡವರಿಸದೆ ಹಿಂಬಾಲಿಸುತ್ತದೆಯೇ ಎಂದು ಕೇಳಿ. ಧೂಳು ಹೊಕ್ಕಿದ್ದರೆ ಅಲ್ಲಿಯೇ ಗೊತ್ತಾಗುತ್ತದೆ. ಮಿನಿನೋವಾ ಕೊಳ್ಳುವವರು ತಮ್ಮ ಕಂಪ್ಯೂಟರನ್ನು ಜೊತೆಗೊಯ್ದು ಎಡಿಟರ್ ಅದರೊಂದಿಗೆ ಮಾತಾಡುತ್ತದೆಯೇ ಎಂದು ನೋಡಿಯೇ ಹಣ ಎಣಿಸಬೇಕು. ಮೈಕ್ರೋಕಾರ್ಗಿಗೆ ಯುಎಸ್‌ಬಿ ಇಲ್ಲದ್ದರಿಂದ ಕಂಪ್ಯೂಟರಿಗೆ ಜೋಡಿಸಲು ವಾದ್ಯದ ಸಂಕೇತಗಳನ್ನು ಕಂಪ್ಯೂಟರಿಗೆ ಸಾಗಿಸುವ ಬೇರೆ ಮಿಡಿ ಇಂಟರ್‌ಫೇಸಿನ ಖರ್ಚನ್ನೂ ಸೇರಿಸಿಕೊಳ್ಳಿ. ಮತ್ತು ಮಾರುವವರ ಬಳಿ ಆ ಕೊಕ್ಕರೆ ಕೊರಳಿನ ಮೈಕು ಇಲ್ಲದಿದ್ದರೆ ಬೆಲೆಯಲ್ಲಿ ಚೌಕಾಸಿ ಮಾಡಲು ಸಂಕೋಚ ಬೇಡ.