ಸಭಾಂಗಣಕ್ಕೊಂದು, ಜಾತ್ರೆಗೊಂದು ಸ್ಪೀಕರ್

ವಿಜಯಪುರದವರಿಗೆ ಪ್ರತಿಧ್ವನಿಯ ಪಾಠ ಬೇಕಾಗಿಲ್ಲ. ಗೋಳಗುಮ್ಮಟದೊಳಗೆ ಚಪ್ಪಾಳೆ ತಟ್ಟಿಯೇ ಬೆಳೆದವರು. ಆದರೆ ಗ್ರಾನೈಟ್ ನೆಲ, ಎತ್ತರದ ಚಾವಣಿಯ ಸಭಾಂಗಣದಲ್ಲಿ ಅದೇ ಪ್ರತಿಧ್ವನಿ ಭಾಷಣವನ್ನು ನುಂಗಿಹಾಕುತ್ತದೆ. ಅಲ್ಲಿ ನನ್ನ ಆಯ್ಕೆ, ಧ್ವನಿಯ ದಿಕ್ಕು ತಿರುಗಿಸಬಲ್ಲ ಕಂಬದಾಕಾರದ ಸ್ಪೀಕರ್. ಅದರೊಳಗಿನ ಚಿಕ್ಕ ಸ್ಪೀಕರುಗಳಿಗೆ ಬೇರೆ ಬೇರೆ ಆಂಪ್ಲಿಫೈಯರ್. ಒಂದಕ್ಕಿಂತ ಇನ್ನೊಂದಕ್ಕೆ ಧ್ವನಿ ಒಂದಿಷ್ಟು ತಡವಾಗಿ ತಲುಪುತ್ತದೆ. ಕಂಬ ಗೋಡೆಗೆ ನೆಟ್ಟಗೆ ಅಂಟಿಕೊಂಡಿದ್ದರೂ ಧ್ವನಿ ಚಾವಣಿಗೆ ಬಡಿಯುವ ಬದಲು ಜನರತ್ತ ಬಾಗುವುದು ಈ ಲೆಕ್ಕಾಚಾರದಿಂದಲೇ.

ಡೊಳ್ಳು ಬಂದರೆ ಮಾತು ಬೇರೆ. 100 ಹರ್ಟ್ಸ್‌ನಂಥ ತಗ್ಗಿನ ಧ್ವನಿಯ ತರಂಗದ ಉದ್ದ ಸುಮಾರು 3.4 ಮೀಟರ್, 2 ಮೀಟರ್ ಕಂಬಕ್ಕೆ ಅದನ್ನು ಹಿಡಿದು ಬಾಗಿಸುವ ತಾಕತ್ತಿಲ್ಲ. ತೀರ ಮೇಲಿನ ಸ್ವರಗಳಲ್ಲಿ ಧ್ವನಿ ಬೇಡದ ಕಡೆಗೂ ಕವಲೊಡೆಯುತ್ತದೆ. ಸಾಮಾನ್ಯವಾಗಿ ಬಾಗುವುದೂ ಮೇಲೆ ಕೆಳಗೆ ಮಾತ್ರ, ಅಕ್ಕಪಕ್ಕಕ್ಕಲ್ಲ.

ಸಿದ್ಧೇಶ್ವರ ಜಾತ್ರೆಯಂಥ ಬಯಲಿನಲ್ಲಿ ಚಾವಣಿಯೇ ಇಲ್ಲ. ಅಲ್ಲಿ ಕಂಬಕ್ಕೆ ದುಡ್ಡು ಸುರಿಯುವುದೇಕೆ? ಸಾದಾ ಸ್ಪೀಕರ್ ಪೆಟ್ಟಿಗೆಗಳನ್ನು ಎತ್ತರಕ್ಕೆ ತೂಗಿ, ಕೈಯಿಂದಲೇ ಬಾಗಿಸಿ, ಕೆಳಗೆ ತಗ್ಗಿನ ಧ್ವನಿಗೆಂದೇ ಇರುವ ಸಬ್‌ವೂಫರ್ ಇಟ್ಟರೆ ನಾಟಕಕ್ಕೂ ಡೊಳ್ಳಿಗೂ ಸಾಕು. ಕೆಟ್ಟರೆ ಊರಿನ ರಿಪೇರಿಯವನೇ ಬಿಚ್ಚಿ ನೋಡುತ್ತಾನೆ. ಕಂಬದೊಳಗಿನ ಎಲೆಕ್ಟ್ರಾನಿಕ್ ಬೋರ್ಡು ಸುಟ್ಟರೆ ಮಾತ್ರ ಪಾರ್ಸೆಲ್ ಕಟ್ಟಿ ಕಾಯಬೇಕು, ಅದೂ ಮದುವೆಯ ಸೀಸನ್ನಿನಲ್ಲಿ!