ಮೂರು ಪ್ರೊಪೆಲ್ಲರ್, ಒಂದೇ ಬೋಟ್: ನನಗೆ 13ರ ಪಿಚ್ಚೇ ಸರಿಹೋಯಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ 60 ಎಚ್‌ಪಿ ಔಟ್‌ಬೋರ್ಡಿಗೆ (ಬೋಟಿನ ಹಿಂಬದಿಗೆ ಕೂರಿಸುವ ಎಂಜಿನ್) ಈಗ ಹಾಕಿರುವುದು 13 ಇಂಚು ಪಿಚ್‌ನ (ಪ್ರೊಪೆಲ್ಲರ್ ಒಂದು ಸುತ್ತಿಗೆ ಲೆಕ್ಕದಲ್ಲಿ ಮುಂದೆ ಹೋಗುವ ದೂರ), ಮೂರು ಬ್ಲೇಡಿನ ಅಲ್ಯೂಮಿನಿಯಂ ಪ್ರೊಪೆಲ್ಲರ್. ಅದನ್ನು ಬದಲಿಸುವ ಯೋಚನೆ ಇಲ್ಲ. ಆದರೆ ಅದಕ್ಕೂ ಮುಂಚೆ 15ರದ್ದು ಕೊಂಡು ಕೈ ಸುಟ್ಟುಕೊಂಡೆ.

ಪಿಚ್ ಜಾಸ್ತಿ ಇದ್ದರೆ ಒಂದು ಸುತ್ತಿಗೆ ಬೋಟ್ ಜಾಸ್ತಿ ದೂರ ಹೋಗಬೇಕು, ಅಂದರೆ ವೇಗವೂ ಜಾಸ್ತಿ ಅಲ್ವಾ? ಹಾಗಂದುಕೊಂಡೇ ತಂದೆ. ಒಬ್ಬನೇ ಹೋದ ದಿನ ಪರವಾಗಿಲ್ಲ ಅನ್ನಿಸಿತು. ನಾಲ್ಕು ಜನ, ತುಂಬಿದ ಟ್ಯಾಂಕ್, ಐಸ್ ಪೆಟ್ಟಿಗೆ ಎಲ್ಲ ಸೇರಿದ ದಿನ ಬಣ್ಣ ಬಯಲಾಯಿತು. ಥ್ರಾಟಲ್ ಪೂರ್ತಿ ಕೊಟ್ಟರೂ ಮುಳ್ಳು 4,600 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು) ದಾಟಲಿಲ್ಲ. ಈ ಎಂಜಿನ್‌ಗೆ ಫುಲ್ ಥ್ರಾಟಲ್‌ನಲ್ಲಿ 5,000ದಿಂದ 6,000 ಆರ್‌ಪಿಎಂ ಬರಬೇಕು. ಬೋಟಿನ ಮೂತಿ ಮೇಲೆದ್ದದ್ದು ಇಳಿಯಲೇ ಇಲ್ಲ, ಮುಂದಿನ ನೀರು ನೋಡಲು ಕತ್ತು ಉದ್ದ ಮಾಡಬೇಕಾಯಿತು. ಟಾಪ್ ಗೇರ್‌ನಲ್ಲಿ ಏರು ಹತ್ತುವ ಲಾರಿಯ ಹಾಗೆ ಎಂಜಿನ್ ಏದುಸಿರು ಬಿಡುತ್ತಿತ್ತು.

ತಪ್ಪು ಪ್ರೊಪೆಲ್ಲರಿನದು ಅಂತ ನನಗೆ ಹೊಳೆಯಲೇ ಇಲ್ಲ. ಫ್ಯೂಯಲ್ ಫಿಲ್ಟರ್ ಬದಲಿಸಿದೆ, ಸ್ಪಾರ್ಕ್ ಪ್ಲಗ್ ಬದಲಿಸಿದೆ. ಸುಮ್ನೆ ಖರ್ಚು. ಆಮೇಲೆ ಟ್ರಿಮ್, ಅಂದರೆ ಬಟನ್ ಒತ್ತಿ ಎಂಜಿನ್ ಅನ್ನು ಬೋಟಿನ ಕಡೆಗೆ ಒಳಗೆ ಅಥವಾ ಹೊರಗೆ ವಾಲಿಸುವುದರ ಹಿಂದೆ ಬಿದ್ದೆ. ಹೊರಡುವಾಗ ಪೂರ್ತಿ ಒಳಗೆ ಎಳೆದರೆ ಮೂತಿ ಸ್ವಲ್ಪ ಬೇಗ ಇಳಿಯಿತು, ಅಷ್ಟೇ. ಓಟ ಹಿಡಿದ ಮೇಲೆ ಬಟನ್ ಒಂದೊಂದೇ ಸಲ ಮುಟ್ಟಿ ಹೊರಗೆ ಬಿಟ್ಟೆ. ಮುಳ್ಳು ನೂರರಷ್ಟು ಏರಿತು. ಇನ್ನೆರಡು ಸಲ ಮುಟ್ಟಿದ್ದೇ ಮೂತಿ ಎದ್ದು ಬಿದ್ದು ಕುಣಿಯತೊಡಗಿತು. ತಿರುವಿನಲ್ಲಿ ಪ್ರೊಪೆಲ್ಲರ್ ಮೇಲಿನ ಗಾಳಿ ಎಳೆದುಕೊಂಡು ಹಿಡಿತ ಕಳೆದುಕೊಂಡಿತು. ಎಂಜಿನ್ ಕಿರುಚಿತು, ಬೋಟ್ ಮುಂದೆ ಹೋಗಲಿಲ್ಲ.

ನನಗೆ ಬೇಕಿದ್ದದ್ದು ಕಡಿಮೆ ಅಂದರೂ 400 ಆರ್‌ಪಿಎಂ. ಅಷ್ಟನ್ನು ಟ್ರಿಮ್ ಕೊಡುವುದಿಲ್ಲ. ಪಿಚ್ ಒಂದು ಇಂಚು ಇಳಿಸಿದರೆ ಸುಮಾರು 150ರಿಂದ 200 ಏರುತ್ತದೆ. ಹಾಗಾಗಿ ಎರಡು ಇಂಚು ಇಳಿದೆ.

13 ಹಾಕಿದ ದಿನ ಅದೇ ನಾಲ್ಕು ಜನ, ಅದೇ ಸಾಮಾನು. 5,000 ಬಂತು, ಟ್ರಿಮ್ ಸ್ವಲ್ಪ ಹೊರಗೆ ಬಿಟ್ಟಾಗ 5,100. ಮೂತಿ ಬೇಗನೆ ಇಳಿಯಿತು, ಜಿಪಿಎಸ್‌ನಲ್ಲಿ ವೇಗವೂ 15ರ ಪ್ರೊಪೆಲ್ಲರಿಗಿಂತ ಜಾಸ್ತಿ! ಒಬ್ಬನೇ ಇದ್ದಾಗ 5,500, ಅದೂ ಮಿತಿಯೊಳಗೇ. ತಿರುಗುವ ಮೊದಲು ಟ್ರಿಮ್ ಒಳಗೆ ಎಳೆಯುವುದು ಈಗ ಕೈಗೇ ರೂಢಿಯಾಗಿದೆ.

ನಾಲ್ಕು ಬ್ಲೇಡಿನ ಸ್ಟೇನ್‌ಲೆಸ್ ಸ್ಟೀಲಿನದು ಗೆಳೆಯನಿಂದ ಎರಡು ದಿನ ತಂದಿದ್ದೆ. ತಿರುವಿನಲ್ಲಿ ಅದರ ಹಿಡಿತವೇ ಬೇರೆ, ನಿಧಾನ ಹೋದರೂ ಮೂತಿ ಏಳುವುದಿಲ್ಲ. ಕೊನೆಯ ವೇಗ ಮಾತ್ರ ಚೂರು ಕಡಿಮೆ. ಆಳದ ನೀರಿನಲ್ಲೇ ಓಡಿಸುವವರು, ಕೈಯಲ್ಲಿ ದುಡ್ಡಿರುವವರು ಅದನ್ನೇ ತೆಗೆದುಕೊಳ್ಳಲಿ. ನಾನು ಹೋಗುವ ಕಡೆ ನೀರು ಕಡಿಮೆ, ಕಲ್ಲು ಜಾಸ್ತಿ. ಕಲ್ಲಿಗೆ ಬಡಿದರೆ ಅಲ್ಯೂಮಿನಿಯಂ ತಾನೇ ಬಾಗುತ್ತದೆ. ಸ್ಟೀಲ್ ಬಾಗದೆ ಏಟು ಶಾಫ್ಟಿಗೆ, ಗೇರಿಗೆ ಹೋಗುವ ಭಯ.

15ರದ್ದನ್ನು ಮಾರಿಲ್ಲ. ಒಂದು ನಟ್, ನಟ್ ಕಳಚದಂತೆ ಹಿಡಿಯುವ ಹೊಸ ಕಾಟರ್ ಪಿನ್, ಸ್ಪ್ಯಾನರ್ ಜೊತೆ ಸೀಟಿನ ಕೆಳಗೆ ಇಟ್ಟಿದ್ದೇನೆ. 13ರದ್ದು ಬಾಗಿದ ದಿನ ದಡ ಸೇರಲು ಅದು ಸಾಕು.