ಕ್ಲೌಡನ್ನ ಲಿನಕ್ಸಲ್ಲಿ ಫೋಲ್ಡರ್ ಥರ ಮೌಂಟ್ ಮಾಡೋಕೆ ಯಾವ್ದು ಒಳ್ಳೇದು: ಆರ್‌ಕ್ಲೋನ್, ಎಸ್3ಎಫ್ಎಸ್, ಮೌಂಟ್‌ಪಾಯಿಂಟ್, ಜ್ಯೂಸ್ಎಫ್ಎಸ್

ಮೊದಲೇ ಹೇಳ್ಬಿಡ್ತೀನಿ, ಮನೆ ಬಳಕೆಗೆ ನನ್ನ ಓಟು ಆರ್‌ಕ್ಲೋನ್‌ಗೆ, ಅದೂ ವಿಎಫ್ಎಸ್ ಕ್ಯಾಶ್ ಮೋಡ್ (ಕ್ಲೌಡ್ ಫೈಲನ್ನ ಲೋಕಲ್ ಡಿಸ್ಕಲ್ಲಿ ತಾತ್ಕಾಲಿಕವಾಗಿ ಇಟ್ಕೊಳ್ಳೋ ಸೆಟ್ಟಿಂಗ್) ಫುಲ್ ಅಂತ ಇಟ್ರೆ ಮಾತ್ರ. ಎಲ್ಲಾ ಕೆಲಸಕ್ಕೂ ಅದೇ ಸರಿ ಅಂತ ಅಲ್ಲ. ಫೈಲನ್ನ ಹೇಗೆ ಓದ್ತೀವಿ ಅನ್ನೋದಕ್ಕಿಂತ ಹೇಗೆ ಬರೀತೀವಿ ಅನ್ನೋದ್ರಲ್ಲೇ ಈ ಟೂಲ್‌ಗಳ ನಿಜವಾದ ವ್ಯತ್ಯಾಸ ಗೊತ್ತಾಗೋದು.

ನನ್ನ ಹತ್ರ ಇರೋದು ಹಳೇ ತಾಳಮದ್ದಳೆ ಕ್ಯಾಸೆಟ್‌ಗಳಿಂದ ಇಳಿಸಿದ ಆಡಿಯೋ. 90 ನಿಮಿಷದ ಒಂದು ಕ್ಯಾಸೆಟ್ಟು ಸಿಡಿ ಕ್ವಾಲಿಟಿ ವೇವ್ ಆದ್ರೆ ಹತ್ರಹತ್ರ 950 ಎಂಬಿ, ಅದನ್ನ ಫ್ಲಾಕ್ (ಕ್ವಾಲಿಟಿ ಕಳೀದೆ ಸೈಜ್ ಕುಗ್ಗಿಸೋ ಫಾರ್ಮ್ಯಾಟ್) ಮಾಡಿ, ಪ್ರಸಂಗದ ಹೆಸರು, ಅರ್ಥಧಾರಿಗಳ ಹೆಸರು ಎಲ್ಲಾ ಟ್ಯಾಗಲ್ಲಿ ಹಾಕಿ ಇಡೋದು. ಲ್ಯಾಪ್‌ಟಾಪ್ ಡಿಸ್ಕ್ ಯಾವತ್ತೋ ತುಂಬೋಯ್ತು, ಸೋ ಸ್ವಲ್ಪ ಗೂಗಲ್ ಡ್ರೈವಲ್ಲಿ, ಉಳಿದಿದ್ದು ಮುಂಬೈ ರೀಜನ್‌ನ ಒಂದು ಎಸ್3 ಬಕೆಟ್ಟಲ್ಲಿ (ಎಸ್3 ಅಂದ್ರೆ ಅಮೆಜಾನಿನ ಕ್ಲೌಡ್ ಸ್ಟೋರೇಜ್, ಬಕೆಟ್ ಅಂದ್ರೆ ಅದರಲ್ಲಿ ನಮ್ಮ ಫೈಲ್ ಇಡೋ ಜಾಗ) ಇಟ್ಟಿದೀನಿ. ಇದೇ ಕಲೆಕ್ಷನ್ ಮೇಲೆ ಎಲ್ಲಾನೂ ಓಡಿಸಿ ನೋಡಿದ್ದು.

ಈ ಟೂಲ್‌ಗಳೆಲ್ಲಾ ಓಡೋದು ಫ್ಯೂಸ್ (ಕರ್ನಲ್ ಹೊರಗಿನ ಪ್ರೋಗ್ರಾಂ ಕೂಡ ಫೈಲ್‌ಸಿಸ್ಟಂ ಆಗೋಕೆ ಬಿಡೋ ಲಿನಕ್ಸ್ ಸೌಲಭ್ಯ) ಮೇಲೆ, 2005ರಲ್ಲಿ 2.6.14 ಕರ್ನಲ್‌ಗೆ ಸೇರಿದ್ದು ಅದು, ಅದ್ರಿಂದ ಸಾಮಾನ್ಯ ಯೂಸರ್ ಕೂಡ ಫೈಲ್‌ಸಿಸ್ಟಂ ಮೌಂಟ್ ಮಾಡ್ಬೋದು. ಆದ್ರೆ ಎಸ್3 ಥರದ ಆಬ್ಜೆಕ್ಟ್ ಸ್ಟೋರೇಜಲ್ಲಿ (ಪ್ರತಿ ಫೈಲೂ ಒಂದು ಬಿಡಿ ಆಬ್ಜೆಕ್ಟ್) ಫೋಲ್ಡರ್ ಅನ್ನೋದೇ ಇಲ್ಲ, ಬರೀ ಉದ್ದುದ್ದ ಹೆಸರುಗಳು. ಮಾಮೂಲಿ ಬಕೆಟ್ಟಲ್ಲಿ ರೀನೇಮ್ ಅಂದ್ರೆ ಕಾಪಿ ಮಾಡಿ ಹಳೇದನ್ನ ಡಿಲೀಟ್ ಮಾಡೋದು, ಫೈಲ್ ಮಧ್ಯೆ ನಾಲ್ಕು ಬೈಟ್ ತಿದ್ದೋಕೆ ದಾರೀನೇ ಇಲ್ಲ. ಡಿಸ್ಕಿನ ವೇಷ ಹಾಕಿಸಿದ ಮೇಲೂ ಒಳಗಿನ ಈ ಸ್ವಭಾವ ಹೋಗಲ್ಲ, ಪ್ರತಿ ಟೂಲೂ ಇದನ್ನ ಒಂದೊಂದು ಥರ ಸಂಭಾಳಿಸುತ್ತೆ ಅಷ್ಟೇ.

ಎಸ್3ಎಫ್ಎಸ್ ಇವುಗಳಲ್ಲಿ ಹಿರಿಯ. ಸೆಟಪ್ ಸುಲಭ, ಪಾಸ್‌ವರ್ಡ್ ಫೈಲ್‌ಗೆ 600 ಪರ್ಮಿಷನ್ ಕೊಟ್ಟು ಎಫ್ಎಸ್‌ಟ್ಯಾಬಲ್ಲಿ (ಬೂಟ್ ಆಗುವಾಗ ಏನೇನು ಮೌಂಟ್ ಮಾಡ್ಬೇಕು ಅನ್ನೋ ಪಟ್ಟಿ) ಒಂದು ಲೈನ್ ಹಾಕಿದ್ರೆ ಮುಗೀತು. ಓನರ್, ಪರ್ಮಿಷನ್ ಎಲ್ಲಾ ಆಬ್ಜೆಕ್ಟಿನ ಮೆಟಾಡೇಟಾದಲ್ಲೇ ಬರೆದಿಡುತ್ತೆ, ಇದು ನಂಗೆ ತುಂಬಾ ಇಷ್ಟ ಆಯ್ತು. ಆದ್ರೆ ಅದೇ ಕಾರಣಕ್ಕೆ ದೊಡ್ಡ ಫೋಲ್ಡರಲ್ಲಿ ಎಲ್ಎಸ್ ಕೊಟ್ರೆ ಒಂದೊಂದು ಫೈಲ್‌ಗೂ ಬೇರೆ ರಿಕ್ವೆಸ್ಟ್ ಹೋಗುತ್ತೆ, ಕಾಯ್ತಾ ಕೂತಿರ್ಬೇಕು. ಫ್ಲಾಕ್ ಟ್ಯಾಗ್ ತಿದ್ದಿದ್ರೆ ಲೋಕಲ್ ಡಿಸ್ಕಲ್ಲಿ ಕೆಲವೇ ಬೈಟ್ ಬದಲಾಗೋದು, ಇಲ್ಲಿ ಇಡೀ ಆಬ್ಜೆಕ್ಟ್ ಹೊಸದಾಗಿ ಬರೀಬೇಕು. ಬದಲಾಗದ ಭಾಗನ ಸರ್ವರ್ ಒಳಗೇ ಕಾಪಿ ಮಾಡ್ಕೊಳ್ಳೋ ಉಪಾಯ ಇದೆ, ಅದಕ್ಕೆ ದೊಡ್ಡ ಫೈಲಲ್ಲಿ ಪರವಾಗಿಲ್ಲ.

ಮೌಂಟ್‌ಪಾಯಿಂಟ್ ಅನ್ನೋದು ಅಮೆಜಾನ್‌ದೇ ಟೂಲು, ರಸ್ಟಲ್ಲಿ ಬರೆದಿದ್ದು, 2023ರಲ್ಲಿ ಎಲ್ಲರ ಬಳಕೆಗೆ ಬಿಟ್ರು. ಸೀದಾ ಓದೋದಾದ್ರೆ ಈ ಗುಂಪಲ್ಲಿ ಇದೇ ಚುರುಕು, ಕೇಳೋಕೆ ಕೂತಾಗ ನಿಲ್ಲೋದೇ ಇಲ್ಲ. ಆದ್ರೆ ಹೊಸ ಫೈಲನ್ನ ಮೊದಲಿಂದ ಕೊನೆವರೆಗೆ ಸಾಲಾಗಿ ಬರೀಬೋದು ಅಷ್ಟೇ, ಇರೋ ಫೈಲನ್ನ ಮಧ್ಯೆ ತಿದ್ದೋಕೆ ಬಿಡಲ್ಲ, ಮಾಮೂಲಿ ಬಕೆಟ್ಟಲ್ಲಿ ರೀನೇಮ್ ಕೂಡ ಇಲ್ಲ, ಡಿಲೀಟ್ ಬೇಕು ಅಂದ್ರೂ ಮೌಂಟ್ ಮಾಡುವಾಗ್ಲೇ ಆಪ್ಷನ್ ಕೊಟ್ಟಿರ್ಬೇಕು. ಟ್ಯಾಗ್ ಎಡಿಟರ್ ಇಲ್ಲಿ ಎರರ್ ಕೊಡುತ್ತೆ. ನಂಗೆ ಇದು ಪ್ರಾಮಾಣಿಕವಾದ ನಡೆ ಅನ್ಸುತ್ತೆ, ಆಗದ ಕೆಲಸನ ಆಗಲ್ಲ ಅಂತ ಮುಖದ ಮೇಲೇ ಹೇಳುತ್ತೆ. ಗೂಫಿಸ್ ಅನ್ನೋ ಇನ್ನೊಂದು ಎಸ್3 ಮೌಂಟ್ ಟೂಲ್ ಕೂಡ ಇದೇ ಜಾಡು, ಸ್ಪೀಡ್ ಮೊದಲು, ಪೋಸಿಕ್ಸ್ (ಯುನಿಕ್ಸ್ ಫೈಲ್‌ಸಿಸ್ಟಂ ನಿಯಮಗಳು) ಆಮೇಲೆ.

ಇನ್ನು ಆರ್‌ಕ್ಲೋನ್. ಎಸ್3, ಗೂಗಲ್ ಡ್ರೈವ್, ಒನ್‌ಡ್ರೈವ್, ನೆಕ್ಸ್ಟ್‌ಕ್ಲೌಡಿನ ವೆಬ್‌ಡ್ಯಾವ್, ಎಲ್ಲದಕ್ಕೂ ಒಂದೇ ಕಮಾಂಡ್. ಡೀಫಾಲ್ಟ್ ಆಗಿ ಕ್ಯಾಶ್ ಮೋಡ್ ಆಫ್ ಇರುತ್ತೆ, ಜನ ಅದ್ರಲ್ಲೇ ಓಡಿಸಿ "ಇದು ಕೆಲಸಕ್ಕೆ ಬಾರದ್ದು" ಅಂತ ಬಿಟ್ಬಿಡ್ತಾರೆ, ನಂಗೆ ಬೇಜಾರಾಗೋದು ಅದಕ್ಕೇ. ಫುಲ್ ಇಟ್ರೆ ಓದಿದ ಭಾಗ ಮಾತ್ರ ಲೋಕಲ್ ಸ್ಪಾರ್ಸ್ ಫೈಲಲ್ಲಿ (ತುಂಬಿದ ಭಾಗಕ್ಕೆ ಮಾತ್ರ ಡಿಸ್ಕ್ ಜಾಗ ತಗೊಳ್ಳೋ ಫೈಲ್) ಇಳಿಯುತ್ತೆ, ಒಂದೂವರೆ ಗಂಟೆ ರೆಕಾರ್ಡಿಂಗಲ್ಲಿ ನಡುವಿನ ಸಂವಾದಕ್ಕೆ ನೇರ ಹಾರ್ಬೋದು, ತಿದ್ದಿದ್ರೆ ಮೊದಲು ಕ್ಯಾಶಲ್ಲಿ ಬರೆದು ಫೈಲ್ ಮುಚ್ಚಿ 5 ಸೆಕೆಂಡ್ ಆದ್ಮೇಲೆ ಅಪ್‌ಲೋಡ್ ಶುರು ಮಾಡುತ್ತೆ. ಅಪ್‌ಲೋಡ್ ಮಧ್ಯೆ ಕರೆಂಟ್ ಹೋದ್ರೂ ಮುಂದಿನ ಸಲ ಅದೇ ಆಪ್ಷನ್ ಕೊಟ್ಟು ಮೌಂಟ್ ಮಾಡಿದ್ರೆ ಬಾಕಿ ಇದ್ದಿದ್ದನ್ನ ಕಳಿಸುತ್ತೆ. ಕ್ಯಾಶ್ ಸೈಜ್‌ಗೆ ಮಿತಿ ನೀವೇ ಹಾಕ್ಬೇಕು, ಇಲ್ಲಾಂದ್ರೆ ಬೆಳೀತಾ ಹೋಗುತ್ತೆ, ಮತ್ತೆ ಕ್ಯಾಶ್ ಇರೋ ಡಿಸ್ಕು ಎಕ್ಸ್‌ಫ್ಯಾಟ್ ಆಗಿರ್ಬಾರ್ದು, ಅಲ್ಲಿ ಸ್ಪಾರ್ಸ್ ಫೈಲ್ ನಡೆಯಲ್ಲ.

ಗೂಗಲ್ ಡ್ರೈವ್ ಆದ್ರೆ ನಿಮ್ಮದೇ ಕ್ಲೈಂಟ್ ಐಡಿ (ಗೂಗಲ್‌ಗೆ ಆಪ್‌ನ ಗುರುತು ಹೇಳೋ ಕೋಡ್) ಮಾಡ್ಕೊಳ್ಳಿ, ಆರ್‌ಕ್ಲೋನ್ ಜೊತೆ ಬರೋ ಐಡೀನ ಊರೆಲ್ಲಾ ಹಂಚ್ಕೊಂಡಿರುತ್ತೆ. ಸೆಕೆಂಡ್‌ಗೆ ಸುಮಾರು 2 ಫೈಲ್ ಮಾತ್ರ ಮೇಲೆ ಹೋಗೋದು, ಹಾಗಾಗಿ ಸಾವಿರಾರು ಚಿಕ್ಕ ಫೈಲ್ ಇದ್ರೆ ತಾಳ್ಮೆ ಬೇಕು. ಎಸ್3 ಆದ್ರೆ ನೋ ಮಾಡ್‌ಟೈಮ್ ಆಪ್ಷನ್ ಹಾಕಿ ನೋಡಿ, ತಾರೀಖು ಕೇಳೋಕೆ ಅಂತ ಪ್ರತಿ ಫೈಲ್‌ಗೂ ಹೋಗ್ತಿದ್ದ ರಿಕ್ವೆಸ್ಟ್ ನಿಂತೋಗುತ್ತೆ, ಲಿಸ್ಟಿಂಗ್ ಒಮ್ಮೆಗೇ ಹಗುರ ಆಗುತ್ತೆ.

ನಿಜವಾದ ಫೈಲ್‌ಸಿಸ್ಟಂ ಥರ ನಡೆಯೋದು ಅಂದ್ರೆ ಜ್ಯೂಸ್ಎಫ್ಎಸ್ ಒಂದೇ. ಡೇಟಾನ 4 ಎಂಐಬಿ ಬ್ಲಾಕ್‌ಗಳಾಗಿ ಕತ್ತರಿಸಿ ಬಕೆಟ್ಟಲ್ಲಿಡುತ್ತೆ, ಯಾವ ಫೈಲ್ ಎಲ್ಲಿದೆ ಅನ್ನೋ ಲೆಕ್ಕ ರೆಡಿಸ್ ಅಥವಾ ಎಸ್‌ಕ್ಯೂಲೈಟ್ ಥರದ ಡೇಟಾಬೇಸಲ್ಲಿ ಬೇರೆ ಇರುತ್ತೆ. ಫೋಲ್ಡರ್ ರೀನೇಮ್ ಕಣ್ಣು ಮಿಟುಕಿಸೋದ್ರೊಳಗೆ ಮುಗಿಯುತ್ತೆ. ಆದ್ರೆ ಬಕೆಟ್ಟನ್ನ ಬ್ರೌಸರಲ್ಲಿ ತೆಗೆದು ನೋಡಿದ್ರೆ ಬರೀ ತುಂಡುಗಳು, ಒಂದು ಪ್ರಸಂಗಾನೂ ಕಾಣಲ್ಲ, ಆ ಲೆಕ್ಕದ ಡೇಟಾಬೇಸ್ ಮತ್ತೆ ಅದರ ಬ್ಯಾಕಪ್ ಎರಡೂ ಹೋದ್ರೆ ಎಲ್ಲಾ ಹೋದ ಹಾಗೇ. ನನ್ನ ನಂತರ ಮನೆಯವರಿಗೂ ಸಿಗಬೇಕಾದ ಸಂಗ್ರಹನ ನಾನು ಇದ್ರಲ್ಲಿ ಇಡಲ್ಲ.

ಯಾವ ಮೌಂಟ್ ಆದ್ರೂ ಸರಿ, ಆಡಾಸಿಟಿ (ಆಡಿಯೋ ಎಡಿಟರ್) ಪ್ರಾಜೆಕ್ಟನ್ನ ಅಲ್ಲಿಂದ ತೆರೀಬೇಡಿ. 3.0ಯಿಂದ ಈಚೆಗೆ ಆ ಪ್ರಾಜೆಕ್ಟ್ ಫೈಲ್ ಅನ್ನೋದು ಒಂದು ಎಸ್‌ಕ್ಯೂಲೈಟ್ ಡೇಟಾಬೇಸ್, ಅದು ಚಿಕ್ಕಚಿಕ್ಕದಾಗಿ ಬರೀತಾನೇ ಇರುತ್ತೆ. ಗಿಟ್ ರೆಪೊ, ಫೋಟೋ ಕ್ಯಾಟಲಾಗ್‌ಗೂ ಇದೇ ಮಾತು. ಲೋಕಲಲ್ಲಿ ಕೆಲಸ ಮುಗಿಸಿ ಫ್ಲಾಕ್ ಮಾತ್ರ ಮೌಂಟ್‌ಗೆ ಕಾಪಿ ಮಾಡಿ.

ಕನ್ನಡದಲ್ಲಿ ಫೈಲ್ ಹೆಸರು ಇಡೋರು ಇನ್ನೊಂದು ನೋಡ್ಕೋಬೇಕು. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಒತ್ತಕ್ಷರ ಅಂದ್ರೆ ಮೂರು ಚಿಹ್ನೆ. ಲಿನಕ್ಸಿನ ಮಾಮೂಲಿ ಫೈಲ್‌ಸಿಸ್ಟಂ ಎಕ್ಸ್ಟ್4ರಲ್ಲಿ ಒಂದು ಹೆಸರಿಗೆ 255 ಬೈಟ್, ಸೋ 85 ಚಿಹ್ನೆ ಸಿಗುತ್ತೆ. ಆರ್‌ಕ್ಲೋನ್ ಕ್ರಿಪ್ಟ್ (ಫೈಲನ್ನೂ ಹೆಸರನ್ನೂ ಗುಪ್ತವಾಗಿಸೋ ಸೌಲಭ್ಯ) ಹಾಕಿದ್ರೆ ಎನ್‌ಕ್ರಿಪ್ಟ್ ಆದ ಹೆಸರು ಉದ್ದ ಆಗಿ ಮಿತಿ 143 ಬೈಟ್ ಆಸುಪಾಸಿಗೆ ಇಳಿಯುತ್ತೆ, ಅಂದ್ರೆ ಕನ್ನಡದಲ್ಲಿ 47 ಚಿಹ್ನೆ. ಪ್ರಸಂಗ, ಊರು, ಇಸವಿ, ಅರ್ಥಧಾರಿಗಳ ಹೆಸರು ಎಲ್ಲಾ ಸೇರಿಸಿದ್ರೆ ಅದು ಸಾಕಾಗಲ್ಲ, ಅದಕ್ಕೆ ನಾನು ಹೆಸರಲ್ಲಿ ಪ್ರಸಂಗ ಮತ್ತೆ ಇಸವಿ ಮಾತ್ರ ಇಟ್ಟು ಉಳಿದಿದ್ದನ್ನ ಟ್ಯಾಗ್‌ಗೆ ಹಾಕ್ತೀನಿ.